ನಡುವಿನ ಪೆಟ್ಟಿಗೆ

ನವೆಂಬರ್ ಅರ್ಧ ಕಳೆದಿತ್ತು. ತೆನ್‌ರ್ಯು ಹೊಳೆಯಿಂದ ಎದ್ದ ಮಂಜು ಬೆಳಗಿನ ಹೊತ್ತು ಕಣಿವೆ ತುಂಬ ಕೂತಿದ್ದು, ಬಿಸಿಲು ಬಲಿತ ಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಏಳುತ್ತಿತ್ತು. ಅದು ಎದ್ದು ಹೋದರೆ ಎದುರಿನ ಬೆಟ್ಟದ ನೆತ್ತಿಯಲ್ಲಿ ಹೊಸ ಹಿಮ, ಈಚೆಯ ಇಳಿಜಾರಿನಲ್ಲಿ ಎಲೆಯೆಲ್ಲ ಉದುರಿಸಿಕೊಂಡು ಬರೀ ಕಿತ್ತಳೆ ಬಣ್ಣದ ಹಣ್ಣು ಹೊತ್ತು ನಿಂತ ಕಾಕಿ ಮರಗಳು. ಒಗರು ಹಣ್ಣು, ಹಾಗೇ ಕಚ್ಚಿದರೆ ನಾಲಿಗೆ ದಪ್ಪಗಾಗುತ್ತದೆ. ಸುಲಿದು, ದಾರಕ್ಕೆ ಕಟ್ಟಿ, ಸೂರಿನ ಕೆಳಗಿನ ಗಾಳಿಗೆ ತಿಂಗಳು ಕಾಲ ತೂಗಿಬಿಟ್ಟರೆ ಒಳಗಿನ ಸಿಹಿ ತಾನಾಗಿ ಹೊರಬಂದು ಬಿಳಿ ಹಿಟ್ಟಿನ ಹಾಗೆ ಮೈಮೇಲೆ ಕೂರುತ್ತದೆ. ಮಿತ್ಸುಯೆ ಕೊಟ್ಟಿಗೆಯಲ್ಲಿ ಕೂತು ಸುಲಿಯುತ್ತಿದ್ದಳು. ಹಣ್ಣನ್ನು ಯಂತ್ರದ ಬಾಯಿಗೆ ಒತ್ತಿದರೆ ಅದು ಉಸಿರೆಳೆದು ಕಚ್ಚಿಕೊಂಡು ಗಿರ್ರನೆ ತಿರುಗಿಸುತ್ತಿತ್ತು. ಅಲಗು ತಾಗಿಸಿದರೆ ಸಾಕು, ಸಿಪ್ಪೆ ಒಂದೇ ಎಳೆಯಾಗಿ ಬುಟ್ಟಿಗೆ ಇಳಿಯುತ್ತಿತ್ತು. ಪಕ್ಕದ ಮನೆಯ ಕಿಯೊ, ಎಂಬತ್ತು ದಾಟಿದ ಮುದುಕಿ, ಸುಲಿದದ್ದನ್ನು ದಾರಕ್ಕೆ ಸಿಕ್ಕಿಸುತ್ತ ಕೂತಿದ್ದಳು. ಯಂತ್ರದ ಕೀಲಿನಿಂದ ಸಣ್ಣಗೆ, ಸೂಜಿಯಷ್ಟು ಸಣ್ಣಗೆ, ಕೀಂ ಎಂಬ ಸದ್ದು ಶುರುವಾಗಿತ್ತು. ಮಿತ್ಸುಯೆ ಬಾಗಿಲ ಕಡೆ ಒಮ್ಮೆ ನೋಡಿ, ಗಂಡ ಇನ್ನೂ ತೋಟದಲ್ಲೇ ಇದ್ದಾನೆಂದು ಖಾತ್ರಿ ಮಾಡಿಕೊಂಡು, ಯಂತ್ರ ನಿಲ್ಲಿಸಿ ಎರಡು ತೊಟ್ಟು ಎಣ್ಣೆ ಬಿಟ್ಟಳು.

ಹೀಗೆ ಕದ್ದು ಎಣ್ಣೆ ಬಿಡುವುದು ಈ ಸುಗ್ಗಿಯ ಮೊದಲ ದಿನದಿಂದ ನಡೆದಿತ್ತು. ಅವತ್ತು ಸುಲಿಯಲು ಕೂತಿದ್ದವನು ಗಂಡ ಸೇಗೊ. ಬಾವಿಯ ಹತ್ತಿರ ಮೂಲಂಗಿ ತೊಳೆಯುತ್ತಿದ್ದ ಅವಳ ಹಲ್ಲಿನ ಬುಡ ಜುಂ ಎನ್ನುವಷ್ಟು ಯಂತ್ರ ಕಿರುಚುತ್ತಿತ್ತು. ಏನೋ ಮುರಿದೇಹೋಯಿತೆಂದು ಕೈ ಒರೆಸಿಕೊಳ್ಳುತ್ತ ಓಡಿ ಬಂದರೆ, ಅವನು ಆ ಕಿರುಚಾಟದ ನಡುವೆ ನೆಮ್ಮದಿಯಾಗಿ, ತುಟಿಯಲ್ಲೇ ಯಾವುದೋ ಹಾಡು ಗುನುಗುತ್ತ, ಹಣ್ಣಿನ ಮೇಲೆ ಹಣ್ಣು ಸುಲಿಯುತ್ತಿದ್ದ. ಅವಳನ್ನು ಕಂಡು, "ಈ ವರ್ಷ ಯಂತ್ರ ಎಷ್ಟು ಚೆನ್ನಾಗಿ ಓಡ್ತಿದೆ ನೋಡು" ಎಂದ. ಅವಳು ಬಾಗಿಲಲ್ಲೇ ನಿಂತಳು. ಬಾಯಿಂದ ಮತ್ತೆ ಅದೇ ಬಂತು: "ಹೌದೇನೋ."

ಹೌದೇನೋ. ಈ ಕಣಿವೆಯಲ್ಲಿ ಯಾರೂ ಅದನ್ನು ಮಾತು ಎಂದು ಲೆಕ್ಕ ಹಿಡಿಯುವುದಿಲ್ಲ. ಚಳಿ ಜಾಸ್ತಿ ಅಂದರೆ ಹೌದೇನೋ, ಇಲ್ಲ ಕಣೆ ಕಮ್ಮಿ ಅಂದರೂ ಹೌದೇನೋ. ಎದುರಿನವರ ಮಾತು ನೆಲಕ್ಕೆ ಬೀಳದ ಹಾಗೆ ಅಂಗೈ ಒಡ್ಡುವುದು, ಅಷ್ಟೇ. ಅವಳ ತಾಯಿ ಹಾಗೆ ಅನ್ನುತ್ತಲೇ ಒಬ್ಬ ಮುಂಗೋಪಿಯೊಂದಿಗೆ ಬಾಳಿ ಹೋದಳು. ಆದರೆ ಹೋದ ಚಳಿಗಾಲದಲ್ಲಿ ತಾನು ಅಂದ ಒಂದು ಹೌದೇನೋ ಮಾತ್ರ ನೆಲಕ್ಕೆ ಬಿದ್ದು, ಬೇರು ಬಿಟ್ಟು, ಈ ಮನೆಯಲ್ಲಿ ಮರದ ಹಾಗೆ ಬೆಳೆದು ನಿಂತಿದೆ ಎಂದು ಮಿತ್ಸುಯೆಗೆ ಗೊತ್ತಿತ್ತು. ಇವತ್ತು ಊಟದ ಹೊತ್ತಿಗೆ ಗಂಡನ ಗೆಳೆಯ ಶಿಮೊಹಿರಾ, ಅಟ್ಟದ ರೆಕಾರ್ಡು ಯಂತ್ರಕ್ಕೆಂದು ಮಾಡಿದ ಹೊಸ ಪೆಟ್ಟಿಗೆ ತರುತ್ತಾನೆ. ಸೇಗೊ ಕೇಳುತ್ತಾನೆ, ಹೇಗಿದೆ? ಆಗ ತಾನು ಏನನ್ನಬೇಕು? ಬೆಳಗಿನಿಂದ ಪ್ರತಿ ಹಣ್ಣನ್ನೂ ಅವಳು ಆ ಪ್ರಶ್ನೆಯ ಮೇಲೇ ಸುಲಿಯುತ್ತಿದ್ದಳು.

"ಇವತ್ತು ಬರ್ತಾನಂತಲ್ಲ ನಿಮ್ಮ ರೇಡಿಯೋದವನು," ಎಂದಳು ಕಿಯೊ. "ನಿಮ್ಮ ಅತ್ತೆ ಇದ್ದಾಗ ಆ ಅಟ್ಟದಲ್ಲಿ ರೇಷ್ಮೆ ಹುಳ ಸಾಕ್ತಿದ್ರು. ಈಗ ಡಬ್ಬ ಸಾಕ್ತೀರಿ. ಹುಳ ಆದ್ರೆ ಗೂಡಾದ್ರೂ ಕಟ್ತಿತ್ತು."

"ಡಬ್ಬಾನೂ ತಿನ್ನತ್ತೆ ಅಕ್ಕಾ, ಹುಳದ ಹಾಗೇ."

"ನನಗೂ ಒಂದು ಡಬ್ಬ ಇದೆಯಲ್ಲ, ಕಿವೀಲಿ. ಸೊಸೆ ಶುರು ಮಾಡಿದ ತಕ್ಷಣ ಬ್ಯಾಟರಿ ತೆಗೆದು ಜೇಬಿಗೆ ಹಾಕ್ಕೊಂಡುಬಿಡ್ತೀನಿ. ಅವಳ ಬಾಯಿ ಮೀನಿನ ಬಾಯಿ ಹಾಗೆ ಸುಮ್ಮನೆ ಆಡ್ತಿರತ್ತೆ. ಎಷ್ಟು ಸುಖ ಗೊತ್ತಾ!" ಮುದುಕಿ ನಕ್ಕಳು. ನಗು ನಿಂತ ಮೇಲೆ, ದಾರದಿಂದ ಕಣ್ಣೆತ್ತದೆ, "ಸೇಗೊಗೂ ಒಂದು ಕೊಡಿಸಬಹುದಮ್ಮಾ" ಎಂದಳು.

ಮಿತ್ಸುಯೆಯ ಕೈಯಲ್ಲಿ ಅಲಗು ಜಾರಿ, ಹಣ್ಣಿನ ಮೈ ಆಳವಾಗಿ ಕೊಯ್ದುಹೋಯಿತು. ಹಾಗಾದರೆ ಊರಿಗೆಲ್ಲ ಗೊತ್ತು. ಹೋದ ತಿಂಗಳು ಸಹಕಾರ ಸಂಘದ ಸಭೆಯಲ್ಲಿ ಯಾರೋ "ಮೊಮ್ಮಗು ಹೇಗಿದೆ?" ಎಂದು ಕೇಳಿದರೆ ಅವನು ಗಂಭೀರವಾಗಿ "ಮಂಜು ಹೋದ ವರ್ಷಕ್ಕಿಂತ ಜಾಸ್ತೀನೇ" ಎಂದಿದ್ದ. ಎಲ್ಲರೂ ತಮಾಷೆಯೆಂದು ನಕ್ಕರು. ಅವನೂ ನಕ್ಕ, ಆದರೆ ಸುತ್ತ ಒಮ್ಮೆ ಮುಖಗಳನ್ನು ನೋಡಿಕೊಂಡು ಆಮೇಲೆ ನಕ್ಕ. ಹಿಂದಿನ ಸಾಲಿನಲ್ಲಿ ಚಹಾ ಬಗ್ಗಿಸುತ್ತಿದ್ದ ಮಿತ್ಸುಯೆ ತಡವಾಗಿ ಬಂದ ಆ ನಗುವನ್ನು ಕಂಡಿದ್ದಳು. ಮನೆಗೆ ಬರುವ ದಾರಿಯಲ್ಲಿ, ಹುಲ್ಲಿನಲ್ಲಿ ಹುಳುಗಳು ಒಂದೇ ಸಮನೆ ಕೂಗುತ್ತಿದ್ದಾಗ, ಅವನು "ಔಷಧಿ ಹೊಡೆದೂ ಹೊಡೆದೂ ಹುಳನೆಲ್ಲ ಸಾಯಿಸಿಬಿಟ್ಟರು ನೋಡು, ಎಷ್ಟು ಮೌನ" ಎಂದು ನಿಟ್ಟುಸಿರಿಟ್ಟ. ಆಗಲೂ ಅವಳು ಹೌದೇನೋ ಎಂದಿದ್ದಳೇ? ನೆನಪಾಗಲಿಲ್ಲ. ಅಂದಿರಲೇಬೇಕು.

ಸೇಗೊಗೆ ಕುಡಿತವಿಲ್ಲ, ಜೂಜಿಲ್ಲ. ಮದುವೆಯಾದ ಹೊಸತರಲ್ಲಿ ಅಟ್ಟದ ಮೇಲೆ ಒಂದೇ ಒಂದು ಕುರ್ಚಿ ಹಾಕಿಕೊಂಡು, ಎರಡು ಕಡೆ ಬೀರುವಿನಷ್ಟು ಎತ್ತರದ ಸ್ಪೀಕರು ನಿಲ್ಲಿಸಿ, ರೆಕಾರ್ಡು ಕೇಳುತ್ತ ಕೂತುಬಿಡುತ್ತಿದ್ದ. ರೆಕಾರ್ಡಿನ ಮುಳ್ಳಿನಿಂದ ಬರುವ ಸದ್ದು ನೂಲೆಳೆಯಷ್ಟು. ಅದನ್ನು ದೊಡ್ಡದು ಮಾಡಿ ಸ್ಪೀಕರಿಗೆ ದೂಡಲು ಇಬ್ಬರು ಸೇರಿ ಎತ್ತಬೇಕಾದಷ್ಟು ಭಾರದ ಆಂಪ್ಲಿಫೈಯರು. ಇವೆರಡರ ನಡುವೆ ಒಂದು ಚಿಕ್ಕ ಪೆಟ್ಟಿಗೆ, ಪ್ರೀಆಂಪ್. ಅದರ ಮುಖದ ಮೇಲೆ ವಾಲ್ಯೂಮಿನ ಒಂದೇ ಗುಂಡಿ. ಅದೇನು ಮಾಡುತ್ತದೆಂದು ಹೊಸ ಹೆಂಡತಿ ಕೇಳಿದಾಗ ಅವನು ಬಹಳ ಹೊತ್ತು ವಿವರಿಸಿದ್ದ. ಕೊನೆಗೆ ಅವಳು, "ಅಂದರೆ ಗದ್ದೆಯ ತೂಬು" ಎಂದಾಗ, ಬಾಯಿ ತೆರೆದವನು ಹಾಗೇ ನಿಂತು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ನೀರು ಕಾಲುವೆಯದು, ಬೆಳೆ ಗದ್ದೆಯದು, ತೂಬು ಏನನ್ನೂ ಬೆಳೆಯುವುದಿಲ್ಲ; ಆದರೂ ಗಲಾಟೆಯೆಲ್ಲ ತೂಬಿನ ಹತ್ತಿರವೇ. ಆವತ್ತಿನಿಂದ ಅವಳ ಕಿವಿಯ ಮೇಲೆ ಅವನಿಗೆ ಅದೇನೋ ನಂಬಿಕೆ. ಗೆಳೆಯರು ಬಂದು ತಂತಿ ಬದಲಾಯಿಸಿ, ವಾಲ್ವು ಬದಲಾಯಿಸಿ ತಮ್ಮತಮ್ಮಲ್ಲೇ ಜಗಳವಾಡುವಾಗ, ಅಡಿಗೆ ಮನೆಯಿಂದ ಅವಳನ್ನು ಕೂಗುತ್ತಿದ್ದ. "ಬೆಕ್ಕಿನ ಕಿವಿ ಇವಳದು. ಇವಳನ್ನ ಕೇಳೋಣ." ಒದ್ದೆ ಕೈಯಲ್ಲೇ ಬಂದು ಬಾಗಿಲ ಹತ್ತಿರ ನಿಂತು, ಮೊದಲನೆಯದು ಅಥವಾ ಎರಡನೆಯದು ಎಂದು ಹೇಳಿ ಕೆಳಗಿಳಿಯುತ್ತಿದ್ದಳು. ಕೂರಲು ಅಲ್ಲಿ ಎರಡನೆಯ ಕುರ್ಚಿ ಇರಲಿಲ್ಲ. ಇರಲಿಲ್ಲವೆಂದು ಅವಳಿಗೆ ಬೇಸರವೂ ಆಗಿರಲಿಲ್ಲ. ಕೆಳಗೆ ಕೆಲಸ ಮಾಡುತ್ತ ತೊಲೆಗಳ ಸಂದಿನಿಂದ ಇಳಿದು ಬರುವುದನ್ನು ಕೇಳಿದರೆ ಸಾಕಾಗುತ್ತಿತ್ತು. ಪಕ್ಕದ ಮನೆಯವರು ಒಳ್ಳೆಯ ಸುದ್ದಿ ಮಾತಾಡಿಕೊಳ್ಳುತ್ತಿರುವ ಹಾಗೆ.

ಹೋದ ಫೆಬ್ರವರಿಯಲ್ಲಿ ಅವನು ಮೆಟ್ಟಿಲ ಮೇಲಿಂದ ಕರೆದ. ಪಿಯಾನೊ, ಹಿಂದೆ ತಾಳದ ಕಂಚಿನ ತಟ್ಟೆಯ ಮೇಲೆ ಬ್ರಷ್ಷು ಆಡಿಸುವವನೊಬ್ಬ. ಅವಳಿಗೆ ಬಾಯಿಪಾಠವಾಗಿದ್ದ ರೆಕಾರ್ಡು. "ತಟ್ಟೆಯ ಹೊಳಪು ಹೋಗಿದೆ. ಬಟ್ಟೆ ಹೊದಿಸಿದ ಹಾಗಿದೆ. ನಿನಗೂ ಹಾಗೇ ಅನ್ನಿಸ್ತಿದೆ ತಾನೇ?" ಎಂದ. ತಟ್ಟೆ ಅವಳ ಕಿವಿಯಲ್ಲಿ ಎಂದಿನ ಹಾಗೆ, ಮಂಜುಗಡ್ಡೆಯ ಮೇಲೆ ಬಿಸಿಲು ಬಿದ್ದಷ್ಟು ಚೆನ್ನಾಗಿ ಹೊಳೆಯುತ್ತಿತ್ತು. ಅವಳು ಅವನ ಮುಖ ನೋಡಿದಳು. ಮೊಣಕಾಲು ತರಚಿಕೊಂಡ ಹುಡುಗ ತಾಯಿಗೆ ತೋರಿಸುವ ಮುಖ. ಹೌದೇನೋ, ಎಂದಳು.

ಅಷ್ಟೇ. ಅಷ್ಟಕ್ಕೇ ಅವನು ಪೆಟ್ಟಿಗೆ ಬಿಚ್ಚಿದ. ಬೆಕ್ಕಿನ ಕಿವಿಯೂ ಒಪ್ಪಿದ ಮೇಲೆ ತಪ್ಪು ಯಂತ್ರದ್ದಲ್ಲದೆ ಇನ್ನಾರದ್ದು? ಮೊದಲು ವಾಲ್ಯೂಮಿನ ಮೇಲೆ ಅನುಮಾನ: ಒಳಗೆ ಇಂಗಾಲದ ಪಟ್ಟಿ ಸವೆದಿದೆ, ಸಣ್ಣ ಸದ್ದಿನಲ್ಲಿ ಎಡಗಡೆಯದು ಮೊದಲು ಮಾತಾಡುತ್ತದೆ, ಬಲದ್ದು ಆಮೇಲೆ ಎದ್ದು ಬರುತ್ತದೆ. ಅದನ್ನು ತೆಗೆಸಿ, ಮೆಟ್ಟಿಲು ಮೆಟ್ಟಿಲಾಗಿ ಕಟ್ ಕಟ್ ಎನ್ನುವ ಗುಂಡಿ ಹಾಕಿಸಿದ. ಮೆಟ್ಟಿಲಿಗೊಂದು ರೆಸಿಸ್ಟರ್, ಸದ್ದನ್ನು ಅಷ್ಟಷ್ಟೇ ತಡೆಯುವ ಚೂರು. ಎಡಬಲ ಸರಿಹೋಯಿತು, ಹೊಳಪು ಬರಲಿಲ್ಲ. ಬೇಸಿಗೆಯಲ್ಲಿ, ಪ್ರೀಆಂಪೇ ಬೇಡ, ನಡುವೆ ಯಾರಿರದಿದ್ದರೆ ಕದಿಯುವವರೂ ಇಲ್ಲ ಎಂದು ಅದನ್ನು ಕಿತ್ತು ಪಕ್ಕಕ್ಕಿಟ್ಟು, ಬರೀ ಗುಂಡಿಯೊಂದನ್ನು ಬೆಂಟೋ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಕೂರಿಸಿ ಕೇಳಿದ. ಒಂದು ವಾರ ಕುಣಿದ. ಆಮೇಲೆ, "ಸ್ವಚ್ಛ ಏನೋ ಇದೆ, ರಕ್ತ ಇಲ್ಲ" ಎಂದ. ಪ್ರತಿ ಸಲವೂ ಬಾಗಿಲ ಹತ್ತಿರ ಅವಳನ್ನು ನಿಲ್ಲಿಸಿ ಹೇಗಿದೆ ಎನ್ನುವುದು, ಪ್ರತಿ ಸಲವೂ ಗುಂಡಿ ಹಿಂದಿನದಕ್ಕಿಂತ ಒಂದಿಷ್ಟು ಮುಂದೆ ಹೋಗಿರುವುದು. ಈಗೀಗ ಕೊಟ್ಟಿಗೆಯ ಕಿಟಕಿ ಗಾಜು ತಂತಾನೇ ಗುಡುಗುತ್ತಿತ್ತು.

ಶಿಮೊಹಿರಾ ಬಂದಾಗ ಮಂಜು ಪೂರ್ತಿ ಹೋಗಿತ್ತು. ಸ್ಟೇಷನ್ನಿನ ಎದುರು ಅವನದೊಂದು ರೇಡಿಯೋ ಅಂಗಡಿಯಿತ್ತು, ಬಾಗಿಲು ಹಾಕಿ ಎಷ್ಟೋ ವರ್ಷವಾಯಿತು. ಸೇಗೊನ ಜೊತೆ ಶಾಲೆಗೆ ಹೋದವನು, ಹೆಂಡತಿ ತೀರಿದ ಮೇಲೆ ಒಬ್ಬನೇ ಬೇಯಿಸಿಕೊಂಡು ತಿನ್ನುವವನು. ಬಿಳಿ ಪುಟ್ಟ ವ್ಯಾನಿನಿಂದ, ನೀಲಿ ಬಟ್ಟೆಯಲ್ಲಿ ಗಂಟು ಕಟ್ಟಿದ ಪೆಟ್ಟಿಗೆಯನ್ನು ಮಗುವನ್ನೆತ್ತಿಕೊಳ್ಳುವ ಹಾಗೆ ಎತ್ತಿಕೊಂಡು ಇಳಿದ.

"ಎಲ್ಲಿ ಸೇಗೊ? ಮಗು ಹೆತ್ತು ತಂದಿದೀನಿ, ಅಪ್ಪನೇ ಇಲ್ಲ."

"ತೋಟದಿಂದ ಬರೋ ಹೊತ್ತು. ಬನ್ನಿ, ಕೂತ್ಕೊಳ್ಳಿ" ಎಂದಳು ಮಿತ್ಸುಯೆ.

ಅವನು ಕೂರಲಿಲ್ಲ. ಸೂರಿನ ಕೆಳಗೆ ಸಾಲಾಗಿ ತೂಗಿಬಿಟ್ಟ ಹಣ್ಣುಗಳ ಪರದೆಯ ಹತ್ತಿರ ಹೋಗಿ, ಒಂದನ್ನು ಬೆರಳಿನಿಂದ ಅಮುಕಿ ನೋಡುವವನ ಹಾಗೆ ನಿಂತ. ಅವಳು ಹಿಂದೆಯೇ ಹೋದಳು. ಕಿಯೊ ದೂರದಲ್ಲಿದ್ದಳು, ಕೇಳುವ ಹಾಗಿರಲಿಲ್ಲ. ಆದರೂ ಅವನು ದನಿ ತಗ್ಗಿಸಿದ.

"ಮಿತ್ಸುಯೆ-ಸಾನ್, ಒಂದು ವಿಷಯ. ಹಳೇ ಪೆಟ್ಟಿಗೆಗೆ ಏನೂ ಆಗಿರಲಿಲ್ಲ. ಹೋದ ಮಾರ್ಚಲ್ಲೇ ಪೂರ್ತಿ ಅಳೆದು ನೋಡಿದ್ದೆ. ಹೊಸದರ ಹಾಗಿತ್ತು."

ಅವಳು ಹಣ್ಣಿನ ದಾರ ಸರಿಮಾಡಿದಳು.

"ನಿಮಗೂ ಗೊತ್ತಿತ್ತು ಅಂತ ಕಾಣತ್ತೆ," ಎಂದ.

"ಹೂಂ."

"ಹೇಳೋಣ ಅಂತಲೇ ಬಂದಿದ್ದೆ ಆವತ್ತು. ಅವನು ಚಹಾ ಕೊಟ್ಟು, 'ನೀನು ಇರೋದ್ರಿಂದ ಬದುಕಿದೆ ಕಣೋ, ಇಲ್ಲಾಂದ್ರೆ ನನ್ನ ಕಿವಿ ಮೇಲೇ ಅನುಮಾನ ಬರ್ತಿತ್ತು' ಅಂದ. ಬಾಯಿ ಕಟ್ಟಿಹೋಯ್ತು." ಶಿಮೊಹಿರಾ ಕನ್ನಡಕ ತೆಗೆದು ಅಂಗಿಯಿಂದ ಒರೆಸಿದ. "ಈ ಸಲದ್ದು ತಾಮ್ರದ ಸುರುಳೀದು. ಕೂದಲಷ್ಟು ಸಣ್ಣ ತಂತಿ, ಬೇಸಿಗೆಯೆಲ್ಲ ಕೂತು ಸುತ್ತಿದೆ. ರೆಸಿಸ್ಟರಲ್ಲಿ ಸದ್ದು ಸುಟ್ಟುಹೋಗತ್ತೆ, ಸುರುಳೀಲಿ ಸುಡಲ್ಲ ಅಂತ ಅವನ ವಾದ. ಇರಲಿ. ನನಗೂ ಕೆಲಸ ಬೇಕಿತ್ತು, ಸಂಜೆ ಹೊತ್ತು ಹೋಗ್ತಿರಲಿಲ್ಲ. ಆದರೆ ಅದರ ಒಳಗೆ ಇನ್ನೊಂದು ಸೇರಿಸಿಬಿಟ್ಟಿದೀನಿ. ಮೇಲಿನ ಸ್ವರಗಳನ್ನ ಎತ್ತಿ ಕೊಡೋದು. ಅವನ ಕಿವೀಲಿ ಎಲ್ಲಿ ಬಿದ್ದುಹೋಗಿದೆಯೋ ಅಲ್ಲಿಂದ ಎತ್ತತ್ತೆ. ಹೊರಗಡೆ ಕಾಣಲ್ಲ."

ಮಿತ್ಸುಯೆಗೆ ಮೊದಲು ನಗು ಬಂತು. ಸ್ವರ ಏರಿಸುವ ಇಳಿಸುವ ಟೋನ್ ಗುಂಡಿ ಇರುವ ಯಂತ್ರ ಕಂಡರೆ ಸೇಗೊಗೆ ಮೈಯೆಲ್ಲ ಉರಿ. ಹೊಸ ಸೋಬಾ ನೂಡಲಿನ ಮೇಲೆ ಬಾಟಲಿ ಸಾಸು ಸುರಿದುಕೊಂಡು ತಿನ್ನುವ ಪಟ್ಟಣದವರ ಚಾಳಿ ಅದು ಎನ್ನುತ್ತಿದ್ದ. ಆಮೇಲೆ ನಗು ಹಾಗೇ ಆರಿಹೋಯಿತು.

"ನಿಮಗೆ ಸೂಜಿ ಚುಚ್ಚಿದ ಹಾಗಾಗತ್ತೆ," ಎಂದ ಶಿಮೊಹಿರಾ. "ಸ್ವಲ್ಪ ತಡ್ಕೊಳ್ಳಿ. ಚೆನ್ನಾಗಿದೆ ಅಂದುಬಿಡಿ. ಅಲ್ಲಿಗೆ ಮುಗೀತು. ಇನ್ನು ಜೀವಮಾನದಲ್ಲಿ ಅವನು ಪೆಟ್ಟಿಗೆ ಬಿಚ್ಚಲ್ಲ."

ಮುಗೀತು. ಎಷ್ಟು ಸುಲಭ! ಊಟಕ್ಕೆ ಅಣಬೆ ಸಾರು ಬಡಿಸುವಾಗಲೂ, ಗೆಳೆಯರಿಬ್ಬರೂ ಶಾಲೆಯ ಮೇಷ್ಟರನ್ನು ನೆನೆಸಿಕೊಂಡು ನಗುತ್ತಿರುವಾಗಲೂ, ಮಿತ್ಸುಯೆ ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಸುಳ್ಳು ಎನ್ನುವಷ್ಟು ದೊಡ್ಡದಲ್ಲ. ನೋವಿಗೆ ಮುಲಾಮು ಹಚ್ಚಿದರೆ ಅದು ಸುಳ್ಳೇ? ಸೇಗೊ ಸಾರು ಹೀರುತ್ತ ಶಿಮೊಹಿರಾನ ತುಟಿಗಳನ್ನೇ ನೋಡುತ್ತಿದ್ದ. ಈಗ ಅವನು ಯಾರ ಕಣ್ಣನ್ನೂ ನೋಡುವುದಿಲ್ಲ, ತುಟಿ ನೋಡುತ್ತಾನೆ. ಇದು ಅವನಿಗೆ ಗೊತ್ತಿದೆಯೋ? ಗೊತ್ತಿದ್ದೂ ನಟಿಸುತ್ತಿದ್ದಾನೋ? ಇದ್ದಕ್ಕಿದ್ದಂತೆ ಅವನು ಅವಳ ಕಡೆ ತಿರುಗಿ, "ಏನು, ಉಪ್ಪು ಕಮ್ಮಿ ಅಂದೆಯಾ?" ಎಂದ. ಅವಳು ಏನೂ ಅಂದಿರಲಿಲ್ಲ.

ಅಟ್ಟದಲ್ಲಿ ಇಬ್ಬರೂ ನೆಲದ ಮೇಲೆ ಬೋರಲಾಗಿ ಪೆಟ್ಟಿಗೆಗೆ ತಂತಿ ಸಿಕ್ಕಿಸಿದರು. ಹೊರಮೈ ಚೆರ್ರಿ ಮರದ್ದು, ಗುಂಡಿ ಹಿತ್ತಾಳೆಯದು. ಸೇಗೊ ಗುಂಡಿಯನ್ನು ಒಂದು ಮೆಟ್ಟಿಲು ತಿರುಗಿಸಿ, ಹಿಂದಕ್ಕೆ ತಂದು, ಮತ್ತೆ ತಿರುಗಿಸಿದ. "ಅಬ್ಬಾ, ಕೈಗೆ ಏನು ಹಿತ ಕಣೋ. ಹಣ್ಣಿನ ತೊಟ್ಟು ಮುರಿದ ಹಾಗೆ." ಅದೇ ಪಿಯಾನೊ ರೆಕಾರ್ಡು ಹಾಕಿದರು. ಸೇಗೊ ಕುರ್ಚಿಯಲ್ಲಿ ಕೂತ. ಮಿತ್ಸುಯೆ ಯಾವತ್ತಿನ ಹಾಗೆ ಬಾಗಿಲ ಹತ್ತಿರ ನಿಂತಳು.

ಮೊದಲ ಸದ್ದಿಗೇ ಪಿಯಾನೊ ಗಾಜಿನದಾಗಿತ್ತು. ಬ್ರಷ್ಷು ಆಡಿಸುವವನು ಕಂಚಿನ ಮೇಲಲ್ಲ, ನೇರ ಅವಳ ಹಲ್ಲುಗಳ ಮೇಲೆ ತಂತಿ ಎಳೆಯುತ್ತಿದ್ದ. ಅವಳು ಕೈಗೆ ಏಪ್ರನ್ನಿನ ಅಂಚು ಸುತ್ತಿಕೊಂಡು, ಮುಖ ಸಡಿಲ ಬಿಟ್ಟು ನಿಂತಳು. ಕುರ್ಚಿಯಲ್ಲಿ ಸೇಗೊ ನಿಧಾನಕ್ಕೆ ಮುಂದಕ್ಕೆ ಬಾಗಿದ. ಎರಡೂ ಕೈ ಮೊಣಕಾಲ ಮೇಲೆ. ಬಾಯಿ ಸ್ವಲ್ಪ ತೆರೆದಿತ್ತು.

"ಬಂತು," ಎಂದ. "ಬಂತು, ಬಂತು. ತಟ್ಟೆ. ಓಯ್, ಕೇಳ್ತಿದೆಯಾ? ಬಂದುಬಿಡ್ತು!"

ಅವನ ಕೆನ್ನೆ ಒದ್ದೆಯಾಗಿತ್ತು. ಒರೆಸಿಕೊಳ್ಳಲಿಲ್ಲ. ಅವಳ ಕಡೆ ತಿರುಗಿ, ಎಷ್ಟೋ ಕಾಲದಿಂದ ಕಾಣದಿದ್ದ ಮುಖದಲ್ಲಿ, "ಪಾಪ, ನೀನೂ ಈ ವರ್ಷವೆಲ್ಲ ಆ ಮಂಕು ಸದ್ದಲ್ಲೇ ಇದ್ದೆ. ನನ್ನ ಜೊತೆ ನಿನಗೂ ಅನ್ಯಾಯ ಆಯ್ತು. ಇಬ್ಬರೇ ಇದ್ದೆವಲ್ಲ ಅದರಲ್ಲಿ, ನೀನೂ ನಾನೂ. ಈಗ ಹೇಗಿದೆ, ಹೇಳು" ಎಂದ.

ನೀನೂ ನಾನೂ. ವರ್ಷವೆಲ್ಲ ಅವನು ಆ ಮಂಕಿನೊಳಗೆ ತನ್ನ ಪಕ್ಕದಲ್ಲಿ ಒಬ್ಬಳನ್ನು ಕೂರಿಸಿಕೊಂಡಿದ್ದ. ಅವಳಿಗೆ ಮರುಗಿದ್ದ. ಅವಳಿಗೋಸ್ಕರವೂ ಪೆಟ್ಟಿಗೆ ಬಿಚ್ಚಿದ್ದ. ಅವಳು ಅಲ್ಲಿರಲೇ ಇಲ್ಲ. ಕೆಳಗೆ, ಹೊಳೆಯುವ ತಟ್ಟೆಯ ಸದ್ದಿನಲ್ಲಿ ಮೂಲಂಗಿ ತೊಳೆಯುತ್ತಿದ್ದಳು. ಹೌದೇನೋ ಎಂಬುದು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿ ಕೂತಿತ್ತು. ಬಾಯಿ ತೆರೆದರೆ ಸಾಕು, ತಾನೇ ಹೊರಡುತ್ತಿತ್ತು. ಶಿಮೊಹಿರಾ ತನ್ನ ಕಾಲುಚೀಲದ ಹೆಬ್ಬೆರಳನ್ನು ನೋಡುತ್ತಿದ್ದ. ಆಗ ತಟ್ಟೆಯ ಮೇಲೆ ಒಂದು ದೊಡ್ಡ ಪೆಟ್ಟು ಬಿತ್ತು, ಮಿತ್ಸುಯೆಯ ಒಂದು ಕಣ್ಣು ಅವಳ ಅಪ್ಪಣೆಯಿಲ್ಲದೆ ಮುಚ್ಚಿಕೊಂಡಿತು. ಸೇಗೊ ಅದನ್ನು ನೋಡಿದ.

"ಚುಚ್ಚುತ್ತೆ, ರೀ," ಎಂದಳು.

"ಏನು?"

"ಚುಚ್ಚುತ್ತೆ. ನನಗೆ ಚುಚ್ಚುತ್ತೆ. ಹಳೇದೇ ಸರಿಯಿತ್ತು. ನನಗೆ ಹಳೇದರಲ್ಲಿ ಎಲ್ಲಾ ಕೇಳಿಸ್ತಿತ್ತು."

ಅವನು ಅವಳ ತುಟಿಗಳನ್ನೇ ನೋಡುತ್ತಿದ್ದ, ಮಾತು ನಿಂತ ಮೇಲೂ. ಆಮೇಲೆ ಗೆಳೆಯನ ಕಡೆ ತಿರುಗಿದ. "ಒಳಗೇನು ಹಾಕಿದೀಯ?"

ಶಿಮೊಹಿರಾ ಕನ್ನಡಕ ತೆಗೆದ. "ಸಾಸು," ಎಂದ.

ಯಾರೂ ನಗಲಿಲ್ಲ. ಸೇಗೊ ಎದ್ದು, ಮುಳ್ಳನ್ನು ಜೋಪಾನವಾಗಿ ಎತ್ತಿ ಪಕ್ಕಕ್ಕಿಟ್ಟು, ರೆಕಾರ್ಡನ್ನು ಚೀಲಕ್ಕೆ ಹಾಕಿ, ಚೀಲವನ್ನು ಅದರ ಜಾಗಕ್ಕೆ ಸೇರಿಸಿ, ಇಬ್ಬರನ್ನೂ ನೋಡದೆ ಮೆಟ್ಟಿಲಿಳಿದು ಹೋದ. ಒಂದೊಂದು ಮೆಟ್ಟಿಲೂ ಕೇಳಿಸಿತು. ಆಮೇಲೆ ಕೊಟ್ಟಿಗೆಯಲ್ಲಿ ಯಂತ್ರ ಶುರುವಾದದ್ದು ಕೇಳಿಸಿತು.

"ಕೊಂದುಬಿಟ್ಟಿರಿ, ಮಿತ್ಸುಯೆ-ಸಾನ್," ಎಂದ ಶಿಮೊಹಿರಾ. ಅದರಲ್ಲಿ ಸಿಟ್ಟಿರಲಿಲ್ಲ. ಅವಳು ಏಪ್ರನ್ ಬಿಡಿಸಿಕೊಂಡು ಕೆಳಗಿಳಿದಳು. ಕೊಂದೆನೋ? ಕಣ್ಣು ಮುಚ್ಚದಿದ್ದರೆ ಹೇಳುತ್ತಿದ್ದೆನೋ ಇಲ್ಲವೋ? ಅವಳಿಗೆ ಗೊತ್ತಾಗಲಿಲ್ಲ, ಯಾವತ್ತೂ ಗೊತ್ತಾಗುವುದೂ ಇಲ್ಲ ಎನ್ನಿಸಿ ಒಂದು ಬಗೆಯ ನಾಚಿಕೆಯಾಯಿತು. ಕೊಟ್ಟಿಗೆಯಲ್ಲಿ ಬೆಳಗಿನ ಎಣ್ಣೆ ಆರಿಹೋಗಿ ಯಂತ್ರ ಕಿರುಚುತ್ತಿತ್ತು. ಸೇಗೊ ಬಾಗಿ ಸುಲಿಯುತ್ತಿದ್ದ. ಅವಳ ನೆರಳು ಬಿದ್ದದ್ದಕ್ಕೆ ತಲೆಯೆತ್ತಿದ.

"ಇದೂ ಕೂಗ್ತಿದೆಯಾ?" ಎಂದ, ಯಂತ್ರ ತೋರಿಸಿ.

"ಹೂಂ."

"ಈಗಲೂ?"

"ಈಗಲೂ."

"ಎಣ್ಣೆ ಬಿಡೋಳು ನೀನು. ಡಬ್ಬಿ ಖಾಲಿ ಆಗ್ತಿತ್ತು, ನಾನು ಇಲಿ ಕುಡೀತು ಅಂದ್ಕೊಂಡಿದ್ದೆ." ಕಿಯೊಳ ಕಡೆ ತಿರುಗಿ ದೊಡ್ಡದಾಗಿ, "ಅಕ್ಕಾ, ನಿಮಗೂ ಕೇಳ್ತಿದೆಯಾ ಇದು?" ಎಂದ.

ಕಿಯೊ ಕಿವಿ ಮುಟ್ಟಿ ತೋರಿಸಿದಳು. "ನಾನಾ? ನೀನು ಬಂದು ಕೂತ ಕೂಡಲೇ ಬ್ಯಾಟರಿ ತೆಗೆದೆ ಮಾರಾಯ. ಹಂದಿ ಕೊಯ್ದ ಹಾಗೆ ಅರಚ್ತಿತ್ತು."

ಸೇಗೊನ ಭುಜ ಅಲುಗಿತು. ಅಳುತ್ತಿದ್ದಾನೆಂದು ಮಿತ್ಸುಯೆ ಹೆದರಿದಳು. ಅವನು ನಗುತ್ತಿದ್ದ, ಅಥವಾ ಎರಡೂ. ಯಂತ್ರ ನಿಲ್ಲಿಸಿದ. ಕೈಯಲ್ಲಿದ್ದ ಹಣ್ಣನ್ನು ಕಿಯೊಳ ತಟ್ಟೆಗೆ ಹಾಕಿ, ಒಗರು ಅಂಟಿದ ಬೆರಳುಗಳನ್ನು ನೋಡಿಕೊಂಡು ಕೂತ. ಹೊರಗೆ ಬಿಸಿಲು ಹಣ್ಣಿನ ಪರದೆಯ ಹಿಂದೆ ಇಳಿದಿತ್ತು, ಕೊಟ್ಟಿಗೆಯ ಗೋಡೆಯೆಲ್ಲ ಕಿತ್ತಳೆ ಬಣ್ಣ.

"ವರ್ಷವಿಡೀ ನಿನಗೆ ಕೇಳಿಸ್ತಿದ್ದದ್ದು ಚೆನ್ನಾಗಿತ್ತಾ?" ಎಂದು ಕೇಳಿದ.

"ತುಂಬಾ ಚೆನ್ನಾಗಿತ್ತು."

"ಸದ್ದು ಜಾಸ್ತಿ ಇರ್ತಿತ್ತೇನೋ."

"ಸ್ವಲ್ಪ."

"ಸ್ವಲ್ಪ ಅಂತೆ," ಎಂದು ತನ್ನಷ್ಟಕ್ಕೆ ಅಂದುಕೊಂಡು ಎದ್ದ. ಮೆಟ್ಟಿಲ ಬುಡಕ್ಕೆ ಹೋಗಿ ಮೇಲಕ್ಕೆ ಕೂಗಿದ. "ಏಯ್ ಸಾಸಿನವನೇ! ಸತ್ತಿದೀಯೋ ಇದೀಯೋ?"

"ಇದೀನಿ."

"ಆ ನಿನ್ನ ಸಾಸಿಗೆ ಒಂದು ಸ್ವಿಚ್ಚು ಹಾಕೋಕಾಗತ್ತಾ? ಒಂದು ಕಡೆ ನನಗೆ, ಒಂದು ಕಡೆ ಇವಳಿಗೆ."

ಶಿಮೊಹಿರಾನ ತಲೆ ಮೆಟ್ಟಿಲ ಬಾಯಲ್ಲಿ ಕಂಡಿತು. "ಆಗದೆ ಏನು. ಮುಂಭಾಗದಲ್ಲಿ ತೂತು ಕೊರೀಬೇಕು. ಮುಖ ಕೆಡತ್ತೆ."

"ಕೆಡಲಿ. ನಂದೂ ಕೆಟ್ಟಿದೆ."

ವ್ಯಾನಿನಿಂದ ಬೆಸುಗೆ ಕಡ್ಡಿ ಬಂತು. ಚೆರ್ರಿ ಮರದ ಮುಖಕ್ಕೆ ಶಿಮೊಹಿರಾ ಕೊರೆಯುವಾಗ ಮರಕ್ಕಿಂತ ಅವನಿಗೇ ಹೆಚ್ಚು ನೋವಾದ ಹಾಗಿತ್ತು. ಮಿತ್ಸುಯೆ ಕೆಳಗಿನಿಂದ ಊಟಕ್ಕೆ ಕೂರುವ ದಿಂಬು ತಂದು ಕುರ್ಚಿಯ ಪಕ್ಕ ನೆಲಕ್ಕೆ ಹಾಕಿಕೊಂಡಳು. ಯಾರೂ ಕೂರು ಎನ್ನಲಿಲ್ಲ, ಅವಳೂ ಕೇಳಲಿಲ್ಲ. ಬೆಸುಗೆಯ ಹೊಗೆ ಅಟ್ಟದಲ್ಲಿ ಕರಗಿದ ಮೇಲೆ ಶಿಮೊಹಿರಾ, ಹಣ್ಣು ಕೊಡ್ತೀನಿ ತಡಿ ಎಂದು ಸೇಗೊ ಅಂದರೂ ನಿಲ್ಲದೆ, ಯಾರದೋ ಮನೆಯ ಟೀವಿ ಕೆಟ್ಟಿದೆ ಎಂದು ಸುಳ್ಳು ಹೇಳಿ ಹೊರಟುಹೋದ.

ಸೇಗೊ ರೆಕಾರ್ಡು ಹಾಕಿದ. ಸ್ವಿಚ್ಚಿನ ಮೇಲೆ ಬೆರಳಿಟ್ಟು, "ಮೊದಲು ನಿನ್ನದು" ಎಂದ. "ಗುಂಡಿ ನೀನೇ ತಿರುಗಿಸು. ನಿನಗೆ ಎಷ್ಟು ಬೇಕೋ ಅಷ್ಟು."

ಮಿತ್ಸುಯೆ ಅದನ್ನು ಯಾವತ್ತೂ ಮುಟ್ಟಿರಲಿಲ್ಲ. ಒಂದು ಮೆಟ್ಟಿಲು ಕೆಳಗಿಳಿಸಿದಳು, ಇನ್ನೊಂದು, ಮತ್ತೊಂದು. ಸದ್ದು ಹಿಂದಕ್ಕೆ ಸರಿದು, ಸ್ಪೀಕರು ಬಿಟ್ಟು ಹೊರಗೆ ಬಂದು, ಅಟ್ಟದ ಗಾಳಿಯಲ್ಲಿ ತನ್ನಷ್ಟಕ್ಕೆ ಕೂತಿತು. ಪಿಯಾನೊ ಮತ್ತೆ ಮರದ್ದಾಯಿತು. ಅವಳು ಕೈ ತೆಗೆದಳು. ಸೇಗೊ ಕತ್ತು ಓರೆ ಮಾಡಿ ಕೇಳುತ್ತಿದ್ದ. ಅವನಿಗೆ ಕೇಳಿಸುತ್ತಿದ್ದದ್ದು ಪಿಯಾನೊದ ತಳವಷ್ಟೇ ಎಂದು ಮುಖದಿಂದ ಗೊತ್ತಾಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವನು ಸ್ಪೀಕರು ನೋಡುವುದನ್ನು ಬಿಟ್ಟು ಅವಳ ಕಡೆ ತಿರುಗಿ ಕೂತ.

"ತಟ್ಟೆ ಎಲ್ಲಿ ಬರತ್ತೆ?"

"ಇರಿ, ಈಗಲ್ಲ." ಅವಳು ಕಾದಳು. ಬೆರಳೆತ್ತಿದಳು. "ಈಗ."

ಅವನು ಬೆರಳನ್ನು ನೋಡಿದ.

"ಈಗ... ಈಗ. ಇದು ಸಣ್ಣದು." ಸಣ್ಣದಕ್ಕೆ ಬೆರಳು ಸ್ವಲ್ಪವೇ ಎತ್ತಿದಳು. "ಈಗ."

ಅವನ ತಲೆ ಅವಳ ಬೆರಳಿಗೆ ಸರಿಯಾಗಿ ಅಲ್ಲಾಡತೊಡಗಿತು. ತುಟಿಯಲ್ಲಿ ಏನೋ ಗುನುಗು. ಅವಳು ಅವನ ಕಡೆ ಬಾಗಿ, ಹಿಂದೆಲ್ಲ ಅವನಿಗೆ ಮೂರು ಕೋಣೆಯಾಚೆ ಕೇಳಿಸುತ್ತಿದ್ದಷ್ಟೇ ದನಿಯಲ್ಲಿ, "ನನ್ನಿಂದ ತಪ್ಪಾಯ್ತು, ರೀ" ಎಂದಳು. ಅವನು ಬೆರಳನ್ನೇ ನೋಡುತ್ತಿದ್ದ. ಅದು ಅವನಿಗೆ ಮುಟ್ಟಲಿಲ್ಲ. ಇನ್ನೊಮ್ಮೆ ಹೇಳೋಣವೆಂದು ಬಾಯಿ ತೆರೆದಳು. ಅಷ್ಟರಲ್ಲಿ ದೊಡ್ಡ ತಟ್ಟೆ ಬರುವ ಹೊತ್ತಾಗಿತ್ತು, ಅವಳು ಕೈಯನ್ನೇ ಮೇಲೆತ್ತಿದಳು.